ಅತ್ತೆ ಕೇಳಿದ ಮುದ್ದೆ

ಕೊರೊನಾ ಗಲಾಟೆ ತಣ್ಣಗಾದ ಮಾರನೇ ವರ್ಷ. ನನಗೆ ಗರ್ಭಕೋಶದ ಆಪರೇಷನ್ ಆಗಬೇಕಿತ್ತು. ಅದಕ್ಕೆ ಮೊದಲು ಮಂಡ್ಯದ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದರು. ರಿಪೋರ್ಟ್ ನೋಡಿದ ಡಾಕ್ಟರು ಆಪರೇಷನ್ ವಿಷಯ ಬಿಟ್ಟು ಬೇರೇನೋ ಶುರು ಮಾಡಿದರು.

"ನಿಮಗೆ ಹೆಪಟೈಟಿಸ್ ಬಿ ಇದೆಯಮ್ಮ. ಲಿವರ್‌ಗೆ ಬರುವ ಸೋಂಕು. ಬಹಳ ವರ್ಷದಿಂದ ಇದ್ದಿರಬಹುದು, ನಿಮಗೇ ಗೊತ್ತಾಗಿಲ್ಲ. ದಿನಾ ಒಂದು ಮಾತ್ರೆ ತಗೋಬೇಕು. ನಾವು ಹೇಳದೆ ಒಂದು ದಿನವೂ ನಿಲ್ಲಿಸೋ ಹಾಗಿಲ್ಲ" ಎಂದರು. ರಕ್ತದಿಂದ ಹರಡುತ್ತೆ ಎಂದೂ ಹೇಳಿದರು. ಆಮೇಲೆ ಇನ್ನೂ ಏನೇನೋ ಹೇಳಿದರು. ಹರಡುತ್ತೆ ಅಂದಮೇಲೆ ನನ್ನ ಕಿವಿಗೆ ಒಂದೂ ಬೀಳಲಿಲ್ಲ.

ನಮ್ಮ ಯಜಮಾನರಿಗೂ ಮಗಳಿಗೂ ಪರೀಕ್ಷೆ ಮಾಡಿಸಿದೆವು. ದೇವರು ದೊಡ್ಡವನು, ಇಬ್ಬರಿಗೂ ಇರಲಿಲ್ಲ. ಅವರಿಗೆ ಲಸಿಕೆ ಹಾಕಿದರು, ನನ್ನ ಆಪರೇಷನ್ನೂ ಆಯಿತು. ಅತ್ತೆಗೆ ಮಾತ್ರ ವಿಷಯವನ್ನೇ ಹೇಳಲಿಲ್ಲ, ಅವರಿಬ್ಬರಿಗೂ ಬಾಯಿ ಬಿಡಬೇಡಿ ಅಂದೆ. ನಮ್ಮತ್ತೆ ಒಳ್ಳೆಯವರೇ, ಆದರೆ ಬಾಯಿ ಜಾಸ್ತಿ. ಅವರ ಕಿವಿಗೆ ಬಿದ್ದರೆ ನಮ್ಮೂರು ಗುತ್ತಲಿಗೆಲ್ಲ ಡಂಗೂರ ಹೊಡೆದ ಹಾಗೇ. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುವವಳು. ನಾಳೆ ಯಾರು ನನ್ನ ಬಾಗಿಲಿಗೆ ಬಟ್ಟೆ ತರುತ್ತಾರೆ?

ಚಿಕ್ಕಂದಿನಲ್ಲಿ ನಮ್ಮಣ್ಣನಿಗೆ ಕಾಮಾಲೆ ಬಂದಿದ್ದಾಗ ಅವ್ವ ಅವನ ತಟ್ಟೆ ಲೋಟ ಬೇರೆ ಇಟ್ಟಿದ್ದಳು. ಇದೂ ಲಿವರ್ ಕಾಯಿಲೆ ತಾನೇ ಅಂತ ನಾನೂ ಅದನ್ನೇ ಮಾಡಿದೆ. ನನ್ನ ತಟ್ಟೆ ಬೇರೆ, ಲೋಟ ಬೇರೆ. ಎಲ್ಲರದ್ದೂ ಆದಮೇಲೆ ಹಿತ್ತಲ ಬಾಗಿಲಲ್ಲಿ ಕೂತು ಉಣ್ಣುತ್ತಿದ್ದೆ. ಒಳಗೆ ಅವರು ಮೂವರೂ ನಗುವುದು ಕೇಳಿಸುತ್ತಿತ್ತು. ಎರಡು ವರ್ಷ ಹೀಗೇ ಉಂಡೆ. ಅಯ್ಯೋ, ಅದೆಂಥ ಒಂಟಿತನ ಅಂತ ಹೇಳಿದರೆ ತಿಳಿಯುವುದಿಲ್ಲ.

ಅದಕ್ಕಿಂತ ದೊಡ್ಡ ಫಜೀತಿ ಮುದ್ದೆಯದು. ಹುಕ್ಸ್ ಹೊಲಿಯುವಾಗ ನನ್ನ ಬೆರಳಿಗೆ ಸೂಜಿ ಚುಚ್ಚದ ದಿನವೇ ಇಲ್ಲ. ಮುದ್ದೆಯನ್ನೋ ಬರಿಗೈಯಲ್ಲೇ ಕಟ್ಟಬೇಕು. ರಕ್ತದಿಂದ ಹರಡುತ್ತೆ ಅಂದಿದ್ದಾರಲ್ಲ! ನಾನು ಮುದ್ದೆ ಕಟ್ಟುವುದನ್ನೇ ಬಿಟ್ಟು, ಮಗಳ ಕೈಗೆ ಮುದ್ದೆ ಕೋಲು ಕೊಟ್ಟೆ. ಕಾಲೇಜಿಗೆ ಹೋಗುವ ಹುಡುಗಿ, ಅವಳು ಹಿಟ್ಟು ತೊಳಸಿದರೆ ಬರೀ ಗಂಟು.

ಅತ್ತೆಗೆ ಬಾಯಲ್ಲಿ ಒಂದೂ ಹಲ್ಲಿರಲಿಲ್ಲ. "ನೀ ಕಟ್ಟಿದ್ ಮುದ್ದೆ ಬೆಣ್ಣೆಯಂಗೆ ಜಾರ್ತದೆ ಕಣಮ್ಮಿ" ಅಂತ ಊರಿಗೆಲ್ಲ ಹೇಳಿಕೊಂಡು ತಿರುಗಿದ ಜೀವ ಅದು. ಗಂಟಿನ ಮುದ್ದೆ ನುಂಗಲಾಗದೆ ಒಂದು ದಿನ ಕೇಳಿಯೇಬಿಟ್ಟರು.

"ಅದ್ಯಾಕಮ್ಮಿ ನಂಗೆ ಮುದ್ದೆ ಕಟ್ಟಾದೇ ಬುಟ್ಬುಟ್ಟೆ? ತಟ್ಟೆನೂ ಬ್ಯಾರೆ ಮಡಿಕ್ಕಂಡಿದ್ದೀಯೆ. ನನ್ ಜೊತೆ ಉಣ್ಣಕ್ಕೆ ಅಸಹ್ಯ ಆಯ್ತದಾ?"

"ಅಂಗೇನಿಲ್ಲ ಕಣತ್ತೆ, ನಾನು ಪಥ್ಯದಲ್ಲಿದ್ದೀನಿ" ಎಂದೆ.

"ಎರಡ್ ವರ್ಸದ ಪಥ್ಯವಾ? ನಂಗ್ ಯೋಳ್ಬೇಡ, ಬುಡು."

ಮಾರನೇ ವಾರ ಸೀರೆ ಗಂಟು ಕಟ್ಟಿಕೊಂಡು ಸೋಮನಹಳ್ಳಿಯ ತಮ್ಮ ಮಗಳ ಮನೆಗೆ ಹೊರಟುಬಿಟ್ಟರು. ಬಸ್ಸು ಹತ್ತುವಾಗ ನನ್ನ ಮುಖ ನೋಡಲಿಲ್ಲ. ಅಲ್ಲೇ ನಿಲ್ಲಿಸಿ ಎಲ್ಲ ಹೇಳಿಬಿಡಬೇಕು ಅನ್ನಿಸಿತು. ಹೇಳಲಿಲ್ಲ. ನನ್ನದೂ ಹಟಮಾರಿ ಜೀವ, ನಿಮಗೋಸ್ಕರ ತಾನೇ ನಾನು ಇಷ್ಟು ಒದ್ದಾಡುತ್ತಿರೋದು ಅಂತ ಒಳಗೊಳಗೇ ಸಿಟ್ಟು ಬೇರೆ.

ಮೂರು ತಿಂಗಳಿಗೆ ಅತ್ತೆ ಹಾಸಿಗೆ ಹಿಡಿದರು. ನೋಡಲು ಹೋದೆ. ಗುರುತೇ ಸಿಗದಷ್ಟು ಇಳಿದುಹೋಗಿದ್ದರು. ಕೈ ಹಿಡಿದುಕೊಂಡು ಮೆಲ್ಲಗೆ ಅಂದರು: "ಬಂದ್ಯಾ? ಇವತ್ತಾದ್ರೂ ಒಂದ್ ಮುದ್ದೆ ಕಟ್ಕೊಡಮ್ಮಿ. ಈಟು, ಉಣಸೇಹಣ್ಣಿನ ಗಾತ್ರದ್ದು ಸಾಕು."

ನನ್ನ ಹೆಬ್ಬೆರಳು ನೋಡಿಕೊಂಡೆ. ಬೆಳಿಗ್ಗೆಯಷ್ಟೇ ಸೂಜಿ ಚುಚ್ಚಿತ್ತು. "ಕೈ ಸುಟ್ಟುಕೊಂಡಿದ್ದೀನಿ ಕಣತ್ತೆ" ಅಂದೆ. ಅವರು ನನ್ನ ಕೈಯನ್ನು ತಿರುಗಿಸಿ ನೋಡಿದರು. ಸುಟ್ಟ ಗುರುತು ಎಲ್ಲಿಂದ ಬರಬೇಕು? "ಆಯ್ತು ಬುಡು" ಅಂದು ಗೋಡೆ ಕಡೆ ಹೊರಳಿಕೊಂಡರು. ಹದಿನೈದು ದಿನಕ್ಕೆ ತೀರಿಕೊಂಡರು.

ಕಾರ್ಯವೆಲ್ಲ ಮುಗಿದ ಮೇಲೆ ಮಾತ್ರೆ ತರಲು ಮತ್ತೆ ಆಸ್ಪತ್ರೆಗೆ ಹೋಗಿದ್ದೆ. ಪಕ್ಕದಲ್ಲಿ ಕೂತಿದ್ದ ಹೆಂಗಸಿನ ಕೈಯಲ್ಲೂ ನನ್ನದೇ ಮಾತ್ರೆಯ ಡಬ್ಬಿ. ಅವಳೇ ಮಾತಾಡಿಸಿದಳು.

"ನಿಂದೂ ಇದೇಯಾ ಅಕ್ಕ? ನಾನ್ ತಗೊಳ್ಳಕ್ ಸುರು ಮಾಡಿ ಆರ್ ವರ್ಸ ಆಯ್ತು. ಕಲ್ಲಿದ್ದಂಗಿವ್ನಿ ನೋಡು."

ಯಾವ ಊರು, ಏನು ಕೆಲಸ ಅಂತ ಕೇಳಿದೆ.

"ಮಳವಳ್ಳಿ. ಅಲ್ಲೇ ಒಂದ್ ಮೆಸ್ ಮಡಗಿವ್ನಿ. ಮುದ್ದೆ ಕಟ್ಟಾದೆಲ್ಲ ನಾನೇಯ."

ನಾನು ಗಾಬರಿಯಾಗಿ, "ಅಯ್ಯೋ! ಉಣ್ಣೋರಿಗೆ ಅಂಟಿಕೊಂಡ್ರೆ?" ಎಂದೆ.

ಅವಳು ನಕ್ಕಳು. "ಮುದ್ದೇಲಿ ಬತ್ತದೆ ಅಂತ ಯಾರಕ್ಕ ಏಳ್ದೋರು ನಿಂಗೆ?"

ಯಾರು ಹೇಳಿದ್ದರು? ಯಾರೂ ಹೇಳಿರಲಿಲ್ಲ. ನಾನೂ ಯಾರನ್ನೂ ಕೇಳಿರಲಿಲ್ಲ.

ಒಳಗೆ ಹೋದಾಗ ನರ್ಸಮ್ಮನನ್ನು ಕೇಳಿದೆ. "ಊಟದಿಂದ, ತಟ್ಟೆ ಲೋಟದಿಂದ, ಜೊತೆಯಲ್ಲಿ ಕೂರೋದರಿಂದ ಬರಲ್ಲಮ್ಮ. ಬ್ಲೇಡು, ಸೂಜಿ, ಹಲ್ಲುಜ್ಜೋ ಬ್ರಷ್ಷು ಮಾತ್ರ ಹಂಚಿಕೋಬೇಡಿ. ಬೆರಳಿಗೆ ಗಾಯ ಆದರೆ ಪ್ಲಾಸ್ಟರ್ ಸುತ್ತಿಕೊಂಡು ಕೆಲಸ ಮಾಡಿ, ಅಷ್ಟೇ" ಎಂದರು. ಆಮೇಲೆ ನನ್ನ ರಿಪೋರ್ಟ್ ತೋರಿಸಿ, ವೈರಸ್ ಪೂರ್ತಿ ಹತೋಟಿಗೆ ಬಂದಿದೆ, ಹೀಗೇ ಮಾತ್ರೆ ಮುಂದುವರಿಸಿ ಅಂತ ಖುಷಿಯಿಂದ ಹೇಳಿದರು. ನಾನು ಅಲ್ಲೇ ಗೊಳೋ ಎಂದು ಅತ್ತುಬಿಟ್ಟೆ. ಸಂತೋಷಕ್ಕೆ ಅಳುತ್ತಿದ್ದೀನಿ ಅಂದುಕೊಂಡು ಅವರು ಬೆನ್ನು ಸವರಿದರು.

ಮನೆಗೆ ಹೋಗದೆ ನೇರ ಸೋಮನಹಳ್ಳಿ ಬಸ್ಸು ಹತ್ತಿ ನಾದಿನಿಯ ಮುಂದೆ ಎಲ್ಲ ಹೇಳಿಕೊಂಡೆ. ಅವಳು ಬೈಯುತ್ತಾಳೆ ಅಂದುಕೊಂಡಿದ್ದೆ. ಬೈದಿದ್ದರೇ ಚೆನ್ನಾಗಿತ್ತು. ಅವಳು ಅಂದಳು: "ಅವ್ವ ನಿನ್ ಮ್ಯಾಲೆ ಒಂದಿನಾನೂ ಸಿಟ್ ಮಾಡ್ಕಳ್ಳಿಲ್ಲ ಕಣತ್ತಿಗೆ. ನಾನೇನ್ ತಪ್ ಮಾಡ್ದೆ ಅಂತ ನಿಮ್ಮತ್ತಿಗೇನ ಒಂದ್ ಮಾತ್ ಕೇಳು ಅಂತಿತ್ತು. ಯಂಗ್ ಕೇಳಾದು ಅಂತ ನಾನೇ ಸುಮ್ಕಿದ್ದೆ."

ಈಗ ನಾನು ಎಲ್ಲರ ಜೊತೆಯಲ್ಲೇ ಉಣ್ಣುತ್ತೇನೆ. ಮುದ್ದೆಯನ್ನೂ ನಾನೇ ಕಟ್ಟುತ್ತೇನೆ. ಮಾತ್ರೆ ಒಂದು ದಿನವೂ ತಪ್ಪಿಸಿಲ್ಲ. ಕಾಯಿಲೆಯ ಬಗ್ಗೆ ಅನುಮಾನ ಬಂದರೆ ಡಾಕ್ಟರನ್ನು ಬಾಯಿಬಿಟ್ಟು ಕೇಳಿ ಅಂತ ಬ್ಲೌಸ್ ಹೊಲಿಸಲು ಬಂದವರಿಗೆಲ್ಲ ಹೇಳುತ್ತೇನೆ. ಆದರೆ ಬಿಸಿ ಹಿಟ್ಟಿಗೆ ಕೈ ಹಾಕಿದಾಗಲೆಲ್ಲ ನನ್ನ ಕೈಯನ್ನು ತಿರುಗಿಸಿ ಸುಟ್ಟ ಗುರುತು ಹುಡುಕಿದ ಆ ಬೆರಳುಗಳು ನೆನಪಾಗುತ್ತವೆ. ನೀವೇನೂ ತಪ್ಪು ಮಾಡಿಲ್ಲ ಕಣತ್ತೆ ಅಂತ ಒಲೆಯ ಮುಂದೆ ಒಬ್ಬಳೇ ಹೇಳಿಕೊಳ್ಳುತ್ತೇನೆ.