ಇಪ್ಪತ್ತಾರನೆಯ ದಿನದ ಗಂಟು

ಆ ಫೋಟೋ ಇನ್ನೂ ನನ್ನ ಮೊಬೈಲಿನಲ್ಲಿದೆ. ಅಳಿಸಬಾರದು ಎಂದು ಒಬ್ಬಳು ಹೇಳಿದ್ದಾಳೆ, ಅದಕ್ಕೇ ಇಟ್ಟುಕೊಂಡಿದ್ದೇನೆ.

ಫೋಟೋದಲ್ಲಿ ನಮ್ಮ ಪಡಸಾಲೆಯ ನೆಲದ ಮೇಲೆ ಇಪ್ಪತ್ತಾರು ವಸ್ತುಗಳು ಸಾಲಾಗಿವೆ. ಎಡಗಡೆಯ ಒಂಬತ್ತು ನಮ್ಮವು: ಹಿಡಿಕೆ ಮುರಿದ ಎರಡು ಚಹಾದ ಕಪ್ಪು, ತುಕ್ಕು ಹಿಡಿದ ಈಳಿಗೆ, ನಿಂತುಹೋದ ಗಡಿಯಾರ, ಮೂರು ಪ್ಲಾಸ್ಟಿಕ್ ಬುಟ್ಟಿ, ಒಂದು ಕೊಡೆ, ಟಿವಿಯ ಹಳೆಯ ರಿಮೋಟು. ಉಳಿದ ಹದಿನೇಳು ಹಳೆಯ ಬಟ್ಟೆಗಳು. ಅವು ನಮ್ಮವಲ್ಲ. ಹಿಗ್ಗಿಸಿ ನೋಡಿದರೆ ಬಲಮೂಲೆಯಲ್ಲಿ ಕರಿಯ ಉಣ್ಣೆಯ ಹುರಿಯೊಂದು ಕಾಣುತ್ತದೆ. ನಮ್ಮ ಮನೆಯಲ್ಲಿ ಯಾರೂ ಉಣ್ಣೆಯ ಹುರಿಯಿಂದ ಏನನ್ನೂ ಕಟ್ಟುವುದಿಲ್ಲ. ಅದನ್ನು ಬಿಚ್ಚಿದ ಕೈ ನನ್ನದು. ‘ನನಗೆ ಗೊತ್ತಿರಲಿಲ್ಲ’ ಎಂದು ಮನಸ್ಸು ಹೇಳತೊಡಗಿದಾಗ ಆ ಹುರಿಯನ್ನು ನೋಡುತ್ತೇನೆ.

ನಾನು ಚಿಕ್ಕೋಡಿಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಮನೆ ಬೇಡಕಿಹಾಳದ ಹತ್ತಿರದ ಹಳ್ಳಿಯಲ್ಲಿ. ಬೇಸಿಗೆಯ ರಜೆ ಶುರುವಾದಾಗ ಕಾಲೇಜಿನ ಹಳೆಯ ಗೆಳತಿಯರ ವಾಟ್ಸಾಪ್ ಗುಂಪಿನಲ್ಲಿ ಒಂದು ಪಂಥ ಬಂತು. ಒಂದು ತಿಂಗಳು ಮನೆಯನ್ನು ಹಗುರ ಮಾಡುವುದು. ಮೊದಲ ದಿನ ಒಂದು ವಸ್ತು ಹೊರಗೆ, ಎರಡನೆಯ ದಿನ ಎರಡು, ಹೀಗೆ ಮೂವತ್ತನೆಯ ದಿನ ಮೂವತ್ತು. ದಿನಾ ಸಂಜೆ ಫೋಟೋ ಹಾಕಬೇಕು. ವರ್ಷದಿಂದ ಮುಟ್ಟದ ವಸ್ತು ಬೇಡದ ವಸ್ತು ಎಂಬುದು ನಿಯಮ. ಒಟ್ಟು ನಾಲ್ಕುನೂರ ಅರವತ್ತೈದು ಆಗುತ್ತದೆ ಎಂದು ಗುಂಪಿನಲ್ಲಿ ಮೊದಲು ಬರೆದವಳು ನಾನೇ.

ಮೊದಲ ಎರಡು ವಾರ ಸಲೀಸಾಗಿ ನಡೆಯಿತು. ಮನೆ ನಿಜಕ್ಕೂ ಹಗುರಾಯಿತು ಎನ್ನಬೇಕು. ಆಮೇಲೆ ಒಬ್ಬೊಬ್ಬರೇ ಕೈಬಿಟ್ಟರು. ಇಪ್ಪತ್ತೆರಡನೆಯ ದಿನ ನಾನು ಉಟ್ಟು ಹಳೆಯವಾದ ಇಪ್ಪತ್ತೆರಡು ಸೀರೆಗಳನ್ನು ಮಡಿಚಿ, ಹಳೆಯ ಬಟ್ಟೆ ಒಯ್ಯಲು ನಿಪ್ಪಾಣಿಯಿಂದ ಬಂದ ಟೆಂಪೋಕ್ಕೆ ಹಾಕಿದೆ. ಅಷ್ಟು ಹೊತ್ತಿಗೆ ಉಳಿದವಳು ನಾನೊಬ್ಬಳೇ. ಚಪ್ಪಾಳೆಯ ಚಿತ್ರಗಳು ಸಾಲುಸಾಲಾಗಿ ಬರುತ್ತಿದ್ದವು. ನಲವತ್ತೆಂಟು ವರ್ಷದ ಹೆಂಗಸು, ಅವನ್ನು ಎಣಿಸುತ್ತಿದ್ದೆ.

ಇನ್ನು ಗಂಟಿನ ವಿಷಯ. ಕಬ್ಬು ಕಡಿದ ಹೊಲದಲ್ಲಿ ಕುರಿ ತರುಬಿಸುವುದು, ಎಂದರೆ ಗೊಬ್ಬರಕ್ಕಾಗಿ ಕುರಿಹಿಂಡನ್ನು ಕೆಲವು ದಿನ ಅಲ್ಲೇ ಮಲಗಿಸುವುದು, ನಮ್ಮ ಕಡೆ ಎಲ್ಲರೂ ಮಾಡುವ ಕೆಲಸ. ಅಥಣಿ ತಾಲೂಕಿನ ಅನಂತಪುರದ ಕಡೆಯ ಒಂದು ಕುರಿಗಾರರ ಕುಟುಂಬ ದೀಪಾವಳಿಯ ನಂತರ ನಮ್ಮ ಹೊಲಕ್ಕೆ ಬಂದು, ಪಶ್ಚಿಮಕ್ಕೆ ಹೋಗಿ, ಮಳೆಗೆ ಮುಂಚೆ ಅದೇ ದಾರಿಯಲ್ಲಿ ತಿರುಗಿ ಬರುತ್ತದೆ. ನಾನು ಸೊಸೆಯಾಗಿ ಬರುವ ಮೊದಲಿನಿಂದ ಇದು ನಡೆದಿದೆ. ಆ ಮನೆಯ ಹೆಂಗಸು ದಾರಿಯಲ್ಲಿ ಸಿಕ್ಕ, ತನ್ನವರಿಂದ ಉಳಿದ ಬಟ್ಟೆಗಳನ್ನು ಒಂದು ಗಂಟು ಕಟ್ಟಿ ನಮ್ಮ ಅಟ್ಟದ ಮೇಲೆ ಇಡುತ್ತಿದ್ದಳು. ಬಂದಾಗಲೊಮ್ಮೆ ಇಳಿಸಿ, ಒಂದೆರಡು ಸೇರಿಸಿ, ಮತ್ತೆ ಕಟ್ಟಿ ಇಡುವಳು. ನಿಮ್ಮೂರಲ್ಲೇ ಇಡಬಾರದೇ ಎಂದು ಒಮ್ಮೆ ಕೇಳಿದ್ದೆ.

“ಅಲ್ಲಿಟ್ರ ನೆಗೆಣ್ಯಾರು ಕೌದಿ ಹೊಲದು ಹೊಚ್ಕೊಂಡ ಮಕ್ಕೊಂಡಬಿಡ್ತಾರ್ರಿ ಅಕ್ಕೋರ. ನಿಮ್ಮತ್ತಿ ಕಣ್ಣಾಗಿದ್ರ ಅದು ಬ್ಯಾಂಕಿನಾಗಿದ್ದಂಗ,” ಎಂದಿದ್ದಳು.

ನನ್ನನ್ನು ಆಕೆ ಅಕ್ಕೋರು ಎನ್ನುವುದು ನಾನು ಶಾಲೆಯಲ್ಲಿ ಕಲಿಸುವವಳು ಎಂಬ ಕಾರಣಕ್ಕೆ. ಅಂದರೆ ಗಂಟು ಯಾರದು, ಏಕೆ ಅಲ್ಲಿದೆ ಎಂಬುದು ನನಗೆ ಗೊತ್ತಿತ್ತು. ಹಿಂದಿನ ಬೇಸಿಗೆಯಲ್ಲೂ ದೀಪಾವಳಿಯ ನಂತರವೂ ಅವರ ಕುರಿ ರಾಯಬಾಗದ ಕಡೆಯ ದಾರಿ ಹಿಡಿದಿದ್ದರಿಂದ ಗಂಟನ್ನು ಯಾರೂ ಇಳಿಸಿರಲಿಲ್ಲ. ವರ್ಷದಿಂದ ಮುಟ್ಟದ ವಸ್ತು.

ಇಪ್ಪತ್ತಾರನೆಯ ದಿನ ಅತ್ತೆ ಕಣ್ಣು ತೋರಿಸಲು ನನ್ನ ಗಂಡನ ಜೊತೆ ಚಿಕ್ಕೋಡಿಗೆ ಹೋಗಿದ್ದರು. ಮಧ್ಯಾಹ್ನ ಮೂರರವರೆಗೆ ಹುಡುಕಿ ಒಂಬತ್ತು ವಸ್ತು ಕೂಡಿಸಿದ್ದೆ. ಅಟ್ಟ ಹತ್ತಿ ಗಂಟನ್ನು ಇಳಿಸಿದೆ. ಗಂಟಾಗಿ ಇಟ್ಟರೆ ಅದು ಒಂದೇ ವಸ್ತು, ಒಟ್ಟು ಹತ್ತಾಗುತ್ತದೆ. ಹಾಗಾಗಿ ಬಿಚ್ಚಿದೆ. ಒಳಗೆ ಹದಿನೇಳಿದ್ದವು. ಒಂಬತ್ತಕ್ಕೆ ಹದಿನೇಳು ಸೇರಿದರೆ ಇಪ್ಪತ್ತಾರು. ಲೆಕ್ಕ ಇಷ್ಟು ಸರಿಯಾಗಿ ಬಂದದ್ದಕ್ಕೆ ನನಗೆ ಆಗ ಆದದ್ದು ಸಂತೋಷ. ಬೇರೆ ಏನೋ ಆಯಿತು ಎಂದು ಬರೆದರೆ ಅದು ಸುಳ್ಳು.

ಫೋಟೋ ತೆಗೆದು ಹಾಕಿದೆ. ನಾಲ್ಕು ಗಂಟೆಗೆ ಓಣಿಯಲ್ಲಿ, ಹಳೆಯ ಬಟ್ಟೆಗೆ ಸ್ಟೀಲಿನ ಭಾಂಡೆ ಕೊಡುವ ನಿಪ್ಪಾಣಿಯಾಕೆ ಕೂಗುತ್ತ ಬಂದಳು. ಹದಿನೇಳನ್ನೂ ಅವಳ ಮುಂದೆ ಹಾಕಿದೆ. ಆಕೆ ಒಂದೊಂದನ್ನೂ ಬೆಳಕಿಗೆ ಹಿಡಿದು ಹರಿದದ್ದಕ್ಕೆ ಮುಖ ಸಿಂಡರಿಸಿ, ಕೊನೆಗೆ ಮುಚ್ಚಳವಿರುವ ಒಂದು ದೊಡ್ಡ ಡಬ್ಬಿ ಕೊಟ್ಟಳು. ಮನೆಯೊಳಗೆ ಹೊಸದು ಬರಬಾರದು ಎಂಬುದೂ ಪಂಥದ ನಿಯಮವಾಗಿತ್ತು. ಅದನ್ನು ಗುಂಪಿಗೆ ಹೇಳಲಿಲ್ಲ. ಡಬ್ಬಿಗೆ ಜೋಳದ ಹಿಟ್ಟು ತುಂಬಿದೆ. ನೆಲದ ಮೇಲೆ ಬಿದ್ದಿದ್ದ ಹುರಿಯನ್ನು ಮತ್ತೆ ಅಟ್ಟಕ್ಕೆ ಎಸೆದೆ.

ಮೇ ತಿಂಗಳ ಕೊನೆಯಲ್ಲಿ ಆ ಕುರಿಗಾರತಿ ಬಂದಳು. ಕುರಿಗಳು ಬೇಡಕಿಹಾಳದ ದಾರಿಯ ಹೊಲದಲ್ಲಿ ನಿಂತಿದ್ದವು. ಬೆಳಿಗ್ಗೆ ನಮ್ಮ ಕಟ್ಟೆಯ ಮೇಲೆ ಕುಳಿತು ಸೆರಗಿನಿಂದ ಗಾಳಿ ಹಾಕಿಕೊಂಡಳು.

“ಹೋದ ವರ್ಸ ಎಲ್ಲಿ ಹಾಳಾಗಿ ಹೋಗಿದ್ದಿ? ದಾರಿ ಮರ್ತಿದ್ದೇನ?” ಎಂದರು ಅತ್ತೆ.

“ಕುರಿ ಹೋದ ಕಡೆ ನಾವರೀ ಅವ್ವಾರ. ನಮ್ಮನ್ನ್ಯಾರು ಕೇಳ್ತಾರ?” ಎಂದು ನಕ್ಕಳು. “ಮಗಳಿಗೆ ಏಳ ತಿಂಗಳ ಬಿದ್ದಾವ್ರಿ. ಚೊಚ್ಚಲ. ಗಂಟ ಇಳಸ್ರಿ, ಊರ ಮುಟ್ಟಿದ ಕೂಡ್ಲೆ ಕೌದಿಗೆ ಕುಂಡ್ರತೀನಿ. ನಮ್ಮವ್ವನ ಎರಡ ಸೀರಿ ಅದಾವ ಅದರಾಗ. ಆಕಿ ಸೀರ‍್ಯಾಗ ಕೂಸಿನ ಮಲಗಿಸಬೇಕು.”

ಉಟ್ಟು ಒಗೆದು ಮೆತ್ತಗಾದ ಬಟ್ಟೆಗಳನ್ನು ಪದರ ಪದರವಾಗಿ ಹೊಲಿದ ಕೌದಿಯಲ್ಲೇ ಇಲ್ಲಿ ಹುಟ್ಟಿದ ಕೂಸನ್ನು ಮಲಗಿಸುವುದು. ಆಕೆ ಇಷ್ಟು ವರ್ಷ ಕೂಡಿಸಿದ್ದು ಅದಕ್ಕಾಗಿ.

ಅತ್ತೆ ನನ್ನ ಕಡೆ ನೋಡಿ, “ಇಳಸವಾ,” ಎಂದರು.

ಆಗ ಹೇಳಬಹುದಿತ್ತು. ನಾನು ನಿಚ್ಚಣಿಕೆ ತಂದು ಅಟ್ಟ ಹತ್ತಿದೆ. ಇಲ್ಲದ ಗಂಟನ್ನು ಹುಡುಕಿದೆ. ಎರಡು ಡಬ್ಬ ಸರಿಸಿ ಸದ್ದು ಮಾಡಿದೆ. ಗೋಡೆಯನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತೆ. ಕಾಲ ಬಳಿ ಹುರಿ ಬಿದ್ದಿತ್ತು. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೆಳಗಿಳಿದು, “ಅಲ್ಲಿಲ್ರಿ,” ಎಂದೆ.

“ಅಲ್ಲೇ ಐತಿ, ಛಲೋ ನೋಡು. ಕರೀ ಹುರಿ ಕಟ್ಟಿದ್ದು.”

“ಇಲ್ರಿ ಅತ್ತಿ.”

ಅತ್ತೆಗೆ ಎಪ್ಪತ್ತಾರು. ಆ ಬೇಸಿಗೆಯಲ್ಲಿ ಎರಡು ಸಲ ಹಾಲು ಒಲೆಯ ಮೇಲೆ ಮರೆತಿದ್ದರು, ಒಮ್ಮೆ ಪಕ್ಕದ ಮನೆಯವಳ ಹೆಸರು. ಅವರು ಕಟ್ಟೆಯ ಮೇಲೆ ಕೈಯೂರಿ ಕುಳಿತರು. ಆಮೇಲೆ ಮೆಲ್ಲಗೆ, “ನಾನ ಯಾರಿಗರ ಎತ್ತಿ ಕೊಟ್ಟೆನೇನ ಹಂಗಾರ? ಇತ್ತಿತ್ಲಾಗ ನೆಪ್ಪ ಹಾರತಾವವಾ ನಂಗ,” ಎಂದರು.

ಕುರಿಗಾರತಿ ಅತ್ತೆಯನ್ನು ನೋಡಿದಳು, ನನ್ನನ್ನು ನೋಡಿದಳು. “ಇರ್ಲಿ ಬಿಡ್ರಿ. ವಯಸ್ಸಾತು,” ಎಂದಳು.

ನಾನು ಚಹಾ ಮಾಡಲು ಒಳಗೆ ಹೋದೆ.

ಮೂರು ದಿನ ಅತ್ತೆ ಮನೆಯನ್ನೆಲ್ಲ ಹುಡುಕಿದರು. ಮಂಚದ ಕೆಳಗೆ, ದನದ ಕೊಟ್ಟಿಗೆಯಲ್ಲಿ, ಗೊಬ್ಬರದ ಚೀಲಗಳ ಹಿಂದೆ. ಪಕ್ಕದ ಮನೆಗೆ ಹೋಗಿ, “ನಿನಗೇನರ ಕೊಟ್ಟಿದ್ನೇನ?” ಎಂದು ಕೇಳಿ ಬಂದರು. ನಾನೂ ಜೊತೆಗೆ ಹುಡುಕಿದೆ. ಇದನ್ನೂ ಬರೆಯಬೇಕು.

ಮೂರನೆಯ ದಿನ ರೊಟ್ಟಿ ಬಡಿಯುತ್ತಿದ್ದಾಗ ಅತ್ತೆ ಬಂದು ಸೊಂಟದಿಂದ ಕಪಾಟಿನ ಕೀಲಿ ಬಿಚ್ಚಿ ನನ್ನ ಪಕ್ಕದಲ್ಲಿ ಇಟ್ಟರು. “ಇನ್ನ ಮ್ಯಾಲೆ ನೀನ ಇಟ್ಕೊ. ನನ್ನ ಕೈಯಾಗ ಇದ್ರ ಮನೀನ ಯಾರಿಗರ ಎತ್ತಿ ಕೊಟ್ಟೇನು,” ಎಂದು ನಗಲು ನೋಡಿದರು. ನಗು ಬರಲಿಲ್ಲ.

ನನ್ನ ಕೈಗೆ ಹಿಟ್ಟು ಹತ್ತಿತ್ತು. ಅದೇ ಡಬ್ಬಿಯ ಹಿಟ್ಟು.

“ಅತ್ತಿ, ಗಂಟ ನಾ ಕೊಟ್ಟೀನಿ.”

“ಯಾವಾಗ?”

“ನೀವು ಕಣ್ಣ ತೋರಸಾಕ ಹೋದ ದಿನ. ಭಾಂಡೇದಾಕಿಗೆ.”

“ಏನ ತಗೊಂಡಿ?”

ಡಬ್ಬಿಯನ್ನು ತೋರಿಸಿದೆ. ಅವರು ಅದನ್ನು ನೋಡಿದರು. “ಮೂರ ದಿನ ನಾ ಅರವು ಮರವು ಆಗೇನಿ ಅಂತ ತಿಳ್ಕೊಂಡಿದ್ನೆಲ್ಲ. ನೋಡಕೋತ ಇದ್ದೆಲ್ಲ ನೀನು.” ಕೈ ಚಾಚಿದರು. “ಕೀಲಿ ಕೊಡ ಹಂಗಾರ.”

ಕೊಟ್ಟೆ. ಸೊಂಟಕ್ಕೆ ಕಟ್ಟಿಕೊಂಡು, “ನನಗ ಹೇಳಿದ್ರ ಏನ ಬಂತು? ಆಕಿಗೆ ಹೇಳಿ ಬಾ,” ಎಂದರು.

ಮೊದಲು ಗಂಡನ ಜೊತೆ ನಿಪ್ಪಾಣಿಗೆ ಹೋಗಿ ಭಾಂಡೆಯವಳನ್ನು ಹುಡುಕಿದೆ. ಗಂಟು ತಂದು ಕೊಟ್ಟುಬಿಟ್ಟರೆ ಮಾತು ಕಡಿಮೆಯಾದೀತು ಎಂಬ ಆಸೆ. ಆಕೆ ಸಿಕ್ಕಳು. ಡಬ್ಬಿಯ ನೆನಪು ಅವಳಿಗಿತ್ತು. ಬಟ್ಟೆಗಳನ್ನು ಗ್ಯಾರೇಜುಗಳಲ್ಲಿ ಎಣ್ಣೆ ಒರೆಸುವ ಚಿಂದಿಯಾಗಿ ಕತ್ತರಿಸಿ ಕಳಿಸಿ ವಾರಗಳಾಗಿದ್ದವು.

ಸಂಜೆ ನನ್ನ ಕಪಾಟಿನ ಮೂರು ಹೊಸ ಸೀರೆ ತೆಗೆದುಕೊಂಡು ಹೊಲಕ್ಕೆ ನಡೆದೆ. ಕುರಿಗಾರತಿ ಒಂದು ಮರಿಯನ್ನು ತೊಡೆಯ ಮೇಲಿಟ್ಟುಕೊಂಡು ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದಳು. ನಿಂತೇ ಹೇಳಿದೆ. ಹುರಿಯನ್ನು ಅವಳ ಮುಂದಿಟ್ಟೆ.

ಆಕೆ ತಲೆ ಎತ್ತಲಿಲ್ಲ. “ಗೊತ್ತಿತ್ರಿ. ಅಟ್ಟಾ ಇಳದಾಗ ನಿಮ್ಮ ಮುಖಾ ನೋಡಿದ್ನಿ. ಯಾವ ಕುರಿ ಮಂದಿ ಬೆಳಿಯಾಗ ಹೊಕ್ಕ ಬಂದೈತಿ ಅನ್ನೂದು ನಮಗ ತಿಳಿಯಂಗಿಲ್ಲೇನ್ರಿ?”

“ಮತ್ತ ಅತ್ತಿಗೆ ವಯಸ್ಸಾತು ಅಂತ ಯಾಕಂದಿ?”

“ನೀವು ಬಾಯಿ ಬಿಡತೀರೇನು ಅಂತ.” ಮರಿಯ ಬಾಯಿ ಒರೆಸಿದಳು. “ಬಿಡಲಿಲ್ಲ ನೀವು.”

ಸೀರೆಗಳನ್ನು ಮುಂದಿಟ್ಟೆ. ಅಂಚು ಮುಟ್ಟಿ ನೋಡಿ ಹಿಂದೆ ಸರಿಸಿದಳು. “ಹೊಸಾವ ಕೂಸಿಗೆ ಚುಚ್ಚತಾವ್ರಿ. ಉಟ್ಟದ್ದು ಕೊಡ್ರಿ, ಮೈಗೆ ಹತ್ತಿದ್ದು.”

“ಮೆತ್ತಗಾಗೂವಷ್ಟ ಉಟ್ಟವು ಇಲ್ಲ. ಎಲ್ಲಾ ಕೊಟ್ಟಬಿಟ್ಟೀನಿ.”

“ಒಂದೂ ಇಲ್ಲೇನ್ರಿ? ಅಷ್ಟ ದೊಡ್ಡ ಮನ್ಯಾಗ?” ಮೊದಲ ಸಲ ಆಕೆಗೆ ನಿಜವಾಗಿ ಆಶ್ಚರ್ಯವಾದಂತೆ ಕಂಡಿತು. ಆಮೇಲೆ ಕೇಳಿದಳು: “ಭಾಂಡೇದಾಕಿ ಏನ ಕೊಟ್ಟಳು?”

“ಡಬ್ಬಿ.”

“ಎಲ್ಲೈತಿ?”

“ಮನ್ಯಾಗ.”

“ಹಂಗಾರ ಅದು ನಂದ ಅಲ್ಲೇನ್ರಿ?”

ಆಕೆಯದೇ. ಇಷ್ಟು ಸರಳವಾದ ಲೆಕ್ಕ ನನಗೆ ಹೊಳೆದಿರಲಿಲ್ಲ. ಮುಖ ಎಲ್ಲಿಡಬೇಕೋ ತಿಳಿಯದೆ ಏನೋ ಹೇಳಬೇಕೆಂದು ಪಂಥದ ಬಗ್ಗೆ, ಗುಂಪಿನ ಬಗ್ಗೆ, ಫೋಟೋದ ಬಗ್ಗೆ ಹೇಳತೊಡಗಿದೆ. ಆಕೆ ನಡುವೆಯೇ ತಡೆದಳು.

“ಫೋಟೋ ಐತೇನ್ರಿ?”

ತೆಗೆದು ಕೊಟ್ಟೆ. ಆಕೆ ಮರಿಯನ್ನು ಕೆಳಗೆ ಬಿಟ್ಟು, ಕೈ ಒರೆಸಿಕೊಂಡು, ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದಳು. “ಇದ ನೋಡ್ರಿ, ಹಸರದು. ಇದು ನಮ್ಮವ್ವನ್ದು. ಇದು ಕೆಂಪ ದಡಿದು, ಇದೂ ಆಕಿದು.” ಬೆರಳು ತಾಗಿ ಚಿತ್ರ ದೊಡ್ಡದಾಗಿ ಪರದೆಯೆಲ್ಲ ಹಸಿರಾಯಿತು. ಆಕೆ ಗಾಬರಿಯಿಂದ ಕೈ ತೆಗೆದಳು. ನಾನು ಸರಿ ಮಾಡಿಕೊಟ್ಟೆ. ಮತ್ತೆ ನೋಡಿದಳು. ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ನಾನು ಬೇಗ ಮನೆಗೆ ಹೋಗುತ್ತಿದ್ದೆ.

“ಅಳಸಬ್ಯಾಡ್ರಿ. ಬಂದಾಗ ನೋಡತೀನಿ,” ಎಂದು ಮೊಬೈಲು ತಿರುಗಿ ಕೊಟ್ಟಳು.

ಮರುದಿನ ಬೆಳಿಗ್ಗೆ ಡಬ್ಬಿಗಾಗಿ ಬಂದಳು. ಅತ್ತೆ ಹಿಟ್ಟನ್ನು ಪರಾತಕ್ಕೆ ಸುರಿದು, ಡಬ್ಬಿಯನ್ನು ತಾವೇ ತೊಳೆದು, ಬಿಸಿಲಿಗೆ ಇಟ್ಟು ಒಣಗಿಸಿದರು. ಕಪಾಟು ತೆಗೆದು ತಾವು ಉಟ್ಟ ಐದು ಸೀರೆ ಕೊಟ್ಟರು. ಪಂಥದ ಸಮಯದಲ್ಲಿ ಆ ಸೀರೆಗಳನ್ನು ಕೊಡಿ ಎಂದು ನಾನು ಎರಡು ಸಲ ಕೇಳಿ ಬೈಸಿಕೊಂಡಿದ್ದೆ. ಕುರಿಗಾರತಿ ಅವನ್ನು ಕೆನ್ನೆಗೆ ಹಚ್ಚಿ ಮೆತ್ತಗಿವೆಯೇ ಎಂದು ನೋಡಿ, ಕರಿಯ ಹುರಿಯಿಂದ ಕಟ್ಟಿದಳು. ಗಂಟು ತಲೆಯ ಮೇಲೆ, ಡಬ್ಬಿ ಕಂಕುಳಲ್ಲಿ. “ಡಬ್ಬಿ ಛಲೋ ಐತಿ,” ಎಂದು ಅತ್ತೆಗೆ ಹೇಳಿ ಹೋದಳು.

ದೀಪಾವಳಿ ಮುಗಿದ ಮೇಲೆ ಕುರಿಗಳು ಮತ್ತೆ ಬಂದವು. ಈ ಸಲ ಮಗಳೂ ಜೊತೆಗಿದ್ದಳು, ಕೂಸು ಕೌದಿಯಲ್ಲಿತ್ತು. ಕೌದಿಯಲ್ಲಿ ಅತ್ತೆಯ ನೀಲಿ ಸೀರೆಯನ್ನು ಗುರುತಿಸಿದೆ. ಬಾಗಿಲ ಮುಂದೆ ನಿಂತ ಅವರ ಕುದುರೆಯ ಬೆನ್ನ ಮೇಲೆ ಎರಡು ಗಂಟುಗಳಿದ್ದವು.

“ಗಂಟ ಇಡಂಗಿಲ್ಲೇನ?” ಎಂದು ಅತ್ತೆ ಕೇಳಿದರು.

“ಈ ಸಲ ಇಡಾಕ ಏನೂ ಇಲ್ರಿ ಅವ್ವಾರ.”

ಅತ್ತೆ ಕುದುರೆಯ ಕಡೆ ನೋಡಿದರು. ನಾನು ಚಹಾದ ತಟ್ಟೆ ಹಿಡಿದು ನಿಂತಿದ್ದೆ. ಕುರಿಗಾರತಿ ಚಹಾ ಕುಡಿದು ಮುಗಿಸಿ, “ಅಕ್ಕೋರ, ಫೋಟೋ?” ಎಂದಳು. ತೆಗೆದು ಕೊಟ್ಟೆ. ಕೂಸಿನ ಮುಖದ ಮುಂದೆ ಹಿಡಿದು, “ನೋಡ ನಿಮ್ಮ ಮುತ್ತಜ್ಜಿ ಸೀರಿ,” ಎಂದು ತೋರಿಸಿದಳು. ಹಿಡಿಯುವಾಗ ಬೆರಳು ಜಾರಿ ಮುಂದಿನ ಚಿತ್ರ ಬಂತು. ಇಪ್ಪತ್ತೇಳನೆಯ ದಿನದ ಇಪ್ಪತ್ತೇಳು ವಸ್ತುಗಳು.

“ಇವು ಯಾರವ್ರಿ?” ಎಂದು ಕೇಳಿದಳು.

“ನಮ್ಮವು,” ಎಂದೆ. ಆಕೆ ಮೊಬೈಲನ್ನು ಸೆರಗಿನಿಂದ ಒರೆಸಿ ನನ್ನ ಕೈಗಿಟ್ಟಳು. ಅವರು ಕುದುರೆ ಹಿಡಿದು ಹೊಲದ ಕಡೆ ಹೋದ ಮೇಲೆ ನಾನು ಕಟ್ಟೆಯ ಮೇಲೆ ಕುಳಿತು ಆ ಇಪ್ಪತ್ತೇಳನ್ನೂ ಒಂದೊಂದಾಗಿ ನೋಡಿದೆ.