ಐದೂವರೆಗೆ ಕಾಣೆಯಾಗುತ್ತಿದ್ದ ಕರೆಗಳು

ಕೊರೊನಾ ಕಾಲ ಕಳೆದು ಬಸ್ಸುಗಳು ಮತ್ತೆ ಎಂದಿನಂತೆ ತುಂಬಿ ಓಡತೊಡಗಿದ ವರ್ಷ. ನಾನಾಗ ಹಾಸನದ ಒಂದು ಸಣ್ಣ ತಂತ್ರಾಂಶ ಸಂಸ್ಥೆಯಲ್ಲಿ ಹಿರಿಯ ಡೆವಲಪರ್ ಹುದ್ದೆಯಲ್ಲಿದ್ದೆ. ಹಿರಿಯ ಎಂಬ ವಿಶೇಷಣ ಕೇಳಲು ದೊಡ್ಡದು. ಕಚೇರಿಯಲ್ಲಿ ಇದ್ದವರು ನಾಲ್ಕೇ ಮಂದಿ. ನಾನು ಚನ್ನರಾಯಪಟ್ಟಣದವಳು. ನಮ್ಮ ತಂದೆ ಅಲ್ಲಿನ ಮಂಡಿಯಲ್ಲಿ ತೆಂಗಿನಕಾಯಿ ಸುಲಿಯುವ ಕೆಲಸ ಮಾಡುತ್ತಿದ್ದರು. ನಮ್ಮ ಮನೆಯಲ್ಲಿ ಪದವಿ ಪಡೆದ ಮೊದಲನೆಯವಳು ನಾನು. ಯಾವ ಪತ್ರಕ್ಕೂ ಮೂರು ಸಲ ಓದದೆ ಸಹಿ ಹಾಕುತ್ತಿರಲಿಲ್ಲ. ತಪ್ಪು ಸಿಕ್ಕಿದರೆ ಪದವಿಯೇ ಸುಳ್ಳೆಂದು ಯಾರಾದರೂ ಹೇಳಿಬಿಟ್ಟಾರೆಂಬ ಅಳುಕು. ಹಾಗೆ ಮೂರು ಸಲ ಓದಿ ಸಹಿ ಹಾಕಿದ ಒಂದು ಪತ್ರ, ಒಬ್ಬ ಪ್ರಾಮಾಣಿಕ ಮನುಷ್ಯನ ಕೆಲಸಕ್ಕೆ ಕುತ್ತು ತಂದ ಪ್ರಸಂಗವನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೊಳೆನರಸೀಪುರ ಮತ್ತು ಅರಕಲಗೂಡು ಸುತ್ತಿನ ಕೆಲವು ಹಾಲಿನ ಸಂಘಗಳಿಗೆ ನಾವು ಒಂದು ವೆಬ್ ಅಪ್ಲಿಕೇಶನ್ ರೂಪಿಸಿಕೊಟ್ಟಿದ್ದೆವು. ಹಸು ಬೆದೆಗೆ ಬಂದರೆ ಅದಕ್ಕೆ ಕೃತಕ ಗರ್ಭಧಾರಣೆಯ ಇಂಜೆಕ್ಷನ್ ಕೊಡಿಸಲು ಸಿಗುವ ಅವಕಾಶ ಒಂದು ದಿನಕ್ಕಿಂತ ಹೆಚ್ಚಿಲ್ಲ. ಬೆಳಿಗ್ಗೆ ಬೆದೆ ಕಂಡರೆ ಅದೇ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಇಂಜೆಕ್ಷನ್ ಆಗಬೇಕು. ತಪ್ಪಿದರೆ ಮತ್ತೆ ಇಪ್ಪತ್ತೊಂದು ದಿನ ಕಾಯಬೇಕು. ರೈತರು ಹಾಲು ಹಾಕಲು ಬಂದಾಗ ವಿಷಯ ತಿಳಿಸುತ್ತಾರೆ. ಸಂಘದ ಕಾರ್ಯದರ್ಶಿ ಅದನ್ನು ಮೊಬೈಲಿನಲ್ಲಿ ಒಂದು ಕರೆಯಾಗಿ ದಾಖಲಿಸುತ್ತಾರೆ. ಇಂಜೆಕ್ಷನ್ ಕೊಡುವ ಕಾರ್ಯಕರ್ತ ತನ್ನ ಮೊಬೈಲಿನಲ್ಲಿ ‘ಇಂದಿನ ಕರೆಗಳು’ ಎಂಬ ಪಟ್ಟಿ ನೋಡಿಕೊಂಡು ಹೊರಡುತ್ತಾನೆ. ಅಪ್ಲಿಕೇಶನ್ ಬಂದ ಮೇಲೆ, ಬೇಕಾದವರ ಮನೆಗೆ ಮೊದಲು ಹೋಗುವ ಅಭ್ಯಾಸ ತಪ್ಪಲೆಂದು, ಕಾರ್ಯಕರ್ತರಿಗೆ ನೇರವಾಗಿ ಫೋನ್ ಮಾಡುವುದನ್ನು ಪಶುವೈದ್ಯಾಧಿಕಾರಿಗಳು ನಿಲ್ಲಿಸಿದ್ದರು.

ಇದನ್ನು ಕಟ್ಟಿದ್ದು ಪೈಥಾನ್ ಭಾಷೆಯ ಜಾಂಗೋ ಎಂಬ ಫ್ರೇಮ್‌ವರ್ಕ್‌ನಲ್ಲಿ. ಫ್ರೇಮ್‌ವರ್ಕ್ ಎಂದರೆ ಅಡಿಪಾಯ, ಕಂಬ, ತೊಲೆಗಳನ್ನು ಮೊದಲೇ ಸಿದ್ಧಮಾಡಿಟ್ಟ ಮನೆಯಂತೆ. ಗೋಡೆ ಮತ್ತು ಬಾಗಿಲು ಮಾತ್ರ ನಮ್ಮವು. ಇಂಥ ಕೆಲಸದಲ್ಲಿ ಪದೇ ಪದೇ ಎದುರಾಗುವ ತೊಂದರೆಗಳು ಕೆಲವಿವೆ. ಕಚೇರಿಯ ಕಂಪ್ಯೂಟರಿನಲ್ಲಿ ಅಂದವಾಗಿದ್ದ ಪುಟ, ಸರ್ವರ್‌ಗೆ ಏರಿಸಿದ ಕೂಡಲೇ ಬಣ್ಣ, ಚಿತ್ರಗಳನ್ನು ಕಳೆದುಕೊಂಡು ಬೋಳಾಗಿ ನಿಲ್ಲುತ್ತದೆ. ಹೊಸ ಅಂಕಣ ಸೇರಿಸಿ ಡೇಟಾಬೇಸ್‌ಗೆ ತಿಳಿಸಲು ಮರೆತರೆ ಇಡೀ ಅಪ್ಲಿಕೇಶನ್ ಮುಷ್ಕರ ಹೂಡುತ್ತದೆ. ಇವೆಲ್ಲ ಸದ್ದು ಮಾಡುವ ದೋಷಗಳು. ತೆರೆಯ ಮೇಲೆ ಕೆಂಪಕ್ಷರದಲ್ಲಿ ಬಂದು ತಾವೇ ಸಿಕ್ಕಿಬೀಳುತ್ತವೆ. ಸದ್ದೇ ಮಾಡದ ದೋಷವೊಂದಿದೆ ಎಂಬುದು ನನಗೆ ಆಗ ತಿಳಿದಿರಲಿಲ್ಲ.

ಆರು ತಿಂಗಳ ವರದಿ ಹೊರಬಂದಾಗ ಒಂದು ಸಂಗತಿ ಎದ್ದು ಕಂಡಿತು. ಅರಕಲಗೂಡಿನ ಕಡೆ, ಮುಖ್ಯ ರಸ್ತೆಯಿಂದ ಬಹಳ ಒಳಗಿರುವ ಒಂದು ಹಳ್ಳಿಯ ಸಂಘದಲ್ಲಿ ಹಾಜರಾಗದ ಕರೆಗಳು ವಿಪರೀತವಾಗಿದ್ದವು. ಆ ಹಳ್ಳಿಗೆ ಹೋಗಬೇಕಾದ ಕಾರ್ಯಕರ್ತ ಶಿವಣ್ಣ. ಉಳಿದ ಊರುಗಳಲ್ಲಿ ಅವರ ದಾಖಲೆ ಚೊಕ್ಕಟವಾಗಿತ್ತು. ದೂರವೆಂದು ಆ ಒಂದು ಊರಿಗೆ ಮಾತ್ರ ಚಕ್ಕರ್ ಹೊಡೆಯುತ್ತಿದ್ದಾನೆ ಎಂದು ಅಧಿಕಾರಿಗಳು ತೀರ್ಮಾನಿಸಿದರು. ಪಟ್ಟಿಯಲ್ಲಿ ಆ ಕರೆಗಳು ಬರಲೇ ಇಲ್ಲ ಎಂಬುದು ಶಿವಣ್ಣನವರ ವಾದ. ಅಧಿಕಾರಿಗಳು ನಮ್ಮನ್ನು ಲಿಖಿತವಾಗಿ ಕೇಳಿದರು.

ನಾನು ಸರ್ವರ್‌ನ ದಾಖಲೆ ತೆರೆದು ನೋಡಿದೆ. ಪ್ರತಿ ಕರೆಯೂ ಇತ್ತು. ದಾಖಲಾದ ಸಮಯವೂ ಸರಿಯಾಗಿತ್ತು. ಒಂದೇ ಹಸುವಿಗೆ ಎರಡೆರಡು ಕರೆಗಳು ಇದ್ದದ್ದೂ ಕಂಡಿತು. ಹಾಕಿದ್ದನ್ನು ಮರೆತು ಮತ್ತೊಮ್ಮೆ ಸೇರಿಸಿರಬೇಕು ಎಂದುಕೊಂಡೆ. ಕಚೇರಿಯಲ್ಲಿ ಕುಳಿತು ನಾಲ್ಕಾರು ಕರೆಗಳನ್ನು ನಾನೇ ಸೇರಿಸಿ ಪರೀಕ್ಷಿಸಿದೆ. ಎಲ್ಲವೂ ಪಟ್ಟಿಯಲ್ಲಿ ಬಂದವು. ‘ಸದರಿ ತಂತ್ರಾಂಶದಲ್ಲಿ ಯಾವುದೇ ದೋಷ ಇರುವುದಿಲ್ಲ’ ಎಂದು ಬರೆದು, ಮೂರು ಸಲ ಓದಿ, ಸಹಿ ಹಾಕಿದೆ.

ಅದಾದ ಗುರುವಾರ ಶಿವಣ್ಣ ನಮ್ಮ ಕಚೇರಿಗೇ ಬಂದರು. ಕಡ್ಡಿಯಂಥ ಆಳು, ಹೆಗಲಲ್ಲಿ ಕೆಲಸದ ಚೀಲ. ಕೂರಲಿಲ್ಲ.

“ನನ್ ಫೋನಿಗೆ ಬಂದಿದ್ರೆ ತಾನೆ ಮೇಡಮ್ಮೋರೆ ನಾನ್ ಓಗದು? ಬರ್ದೆ ಇದ್ದದ್ದಕ್ಕೆ ನಾನ್ ಕಳ್ಳ ಆಗ್ಬುಟ್ನಾ?”

“ಸರ್ವರ್‌ನಲ್ಲಿ ಇದೆ ಶಿವಣ್ಣನವರೇ. ಅಲ್ಲಿದ್ದದ್ದು ನಿಮ್ಮ ಫೋನಿನಲ್ಲೂ ಇರಲೇಬೇಕು” ಎಂದೆ.

“ಅಂಗಾರೆ ಸುಳ್ಳೇಳ್ತಿರೋನು ನಾನೇ ಅನ್ನಿ.” ಚೀಲವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡು ಮುಂದುವರಿಸಿದರು: “ಸೋಮ್ವಾರ ಮೀಟಿಂಗು. ನಿಮ್ ಲೆಟ್ರು ಇಟ್ಕಂಡು ನನ್ನ ತೆಗುದ್ ಹಾಕ್ತಾರೆ. ಅದ್ಕೂ ಮುಂಚೆ ಒಂದ್ಸಲ ಗೌರಮ್ಮನ ಡೈರಿಗೆ ಬಂದು ನೋಡಿ. ಆ ಯಮ್ಮ ಏನೋ ಬರ್ಕಂಡವ್ರೆ. ನಂಗೆ ಅರ್ಥ ಆಗಲ್ಲ, ನಿಮ್ಗಾಯ್ತದೆ.”

ನನ್ನ ಪತ್ರ ಅಷ್ಟು ದೂರ ಹೋಗಿದೆ ಎಂಬುದು ಅಲ್ಲಿಯವರೆಗೆ ನನ್ನ ಗಮನಕ್ಕೆ ಬಂದಿರಲಿಲ್ಲ. ಶುಕ್ರವಾರ ಮಧ್ಯಾಹ್ನ ಬಸ್ಸು ಹತ್ತಿದೆ.

ಗೌರಮ್ಮ ಆ ಸಂಘದ ಕಾರ್ಯದರ್ಶಿ. ವಯಸ್ಸು ಐವತ್ತರ ಆಸುಪಾಸು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಡುಮ್ಕಿ ಹೊಡೆದು ಓದು ನಿಲ್ಲಿಸಿದವರು ಎಂದು ಅವರೇ ಹೇಳಿಕೊಂಡು ನಕ್ಕರು. ಸಂಜೆಯ ಹಾಲು ಬರುತ್ತಿತ್ತು. ಲ್ಯಾಕ್ಟೋಮೀಟರ್ ಇಳಿಬಿಟ್ಟು ಡಿಗ್ರಿ ನೋಡುತ್ತ, ಲೀಟರ್ ಬರೆಯುತ್ತ, ನಡುವೆಯೇ ಎರಡು ಕರೆಗಳನ್ನು ಮೊಬೈಲಿಗೆ ಸೇರಿಸಿದರು. ಎರಡೂ ಅಲ್ಲಿಗೆ ಬಂದಿದ್ದ ಶಿವಣ್ಣನವರ ಫೋನಿನಲ್ಲಿ ತಕ್ಷಣ ಕಾಣಿಸಿಕೊಂಡವು.

“ಎಲ್ಲ ಸರಿಯಾಗಿಯೇ ಇದೆಯಲ್ಲ” ಎಂದೆ. ನನಗೆ ಒಳಗೊಳಗೇ ಸಮಾಧಾನವಾಯಿತು ಎಂಬುದನ್ನು ಮುಚ್ಚಿಡಲಾರೆ.

ಕ್ಯಾನು ಹಿಡಿದು ನಿಂತಿದ್ದ ಚನ್ನೇಗೌಡರೆಂಬ ಹಿರಿಯರು ಹೇಳಿದರು: “ಓದ್ದೋರ್ ಮುಂದೆ ಅದು ಸಂದಾಕೇ ಇರ್ತದೆ ಕಣಮ್ಮ. ಇನ್ಸ್‌ಪೆಕ್ಟ್ರು ಬಂದಾಗ ಇಸ್ಕೂಲ್ ಐಕ್ಳು ಕೈಕಟ್ಕಂಡ್ ಕೂತ್ಕಳಲ್ವಾ, ಅಂಗೆ.”

ನಾನು ಕೊನೆಯ ಬಸ್ಸಿಗೆ ಹೊರಟು ನಿಂತೆ. ಗೌರಮ್ಮ ತಡೆದರು. “ಬಸ್ ಓದ್ರೆ ಓಗ್ಲಿ. ಬೆಳಗಾನೆ ನೋಡ್ದೆ ಓದ್ರೆ ನೀವ್ ಬಂದು ಏನ್ ನೋಡ್ದಂಗಾಯ್ತು? ನಮ್ಮನೇಲಿ ಉಳ್ಕಳವ್ವ.”

ಉಳಿದುಕೊಂಡೆ. ಬೆಳಿಗ್ಗೆ ನಾಲ್ಕೂಮುಕ್ಕಾಲಿಗೆ ಎಬ್ಬಿಸಿದರು. ಹಾಲಿನ ಲಾರಿಯ ದಾರಿಯಲ್ಲಿ ಆ ಹಳ್ಳಿಯೇ ಮೊದಲನೆಯದು; ಐದೂಮುಕ್ಕಾಲಿಗೆಲ್ಲ ಲಾರಿ ಬಂದು ನಿಲ್ಲುತ್ತದೆ. ಹಾಗಾಗಿ ಉಳಿದ ಸಂಘಗಳು ಆರರ ಮೇಲೆ ಬಾಗಿಲು ತೆರೆದರೆ, ಗೌರಮ್ಮನವರದು ಐದಕ್ಕೇ ತೆರೆಯುತ್ತದೆ. ಲಾರಿ ತಪ್ಪಿದರೆ ಊರಿನ ಹಾಲೆಲ್ಲ ಕೆಡುತ್ತದೆ.

ಬಾಗಿಲು ತೆಗೆದು ದೀಪ ಹಾಕಿದವರೇ ಅವರು ಒಂದು ನೋಟ್‌ಪುಸ್ತಕ ತೆರೆದು ನನ್ನ ಮುಂದಿಟ್ಟರು. ಪ್ರತಿ ಸಾಲಿನಲ್ಲೂ ಹಸುವಿನ ಕಿವಿಯ ಬಿಲ್ಲೆಯ ನಂಬರು, ಮೊಬೈಲಿಗೆ ಸೇರಿಸಿದ ಸಮಯ, ಶಿವಣ್ಣ ಬಂದನೋ ಇಲ್ಲವೋ ಎಂಬ ಗುರುತು.

“ಮೊದ್ಲು ನಾನೂ ಅವ್ನ್ನೇ ಬೈದೆ” ಎಂದರು. “ಆಮೇಲೆ ಯೋಚ್ನೆ ಬಂತು. ಸೋಮಾರಿ ಆದ್ರೆ ಎಲ್ರುದ್ದೂ ತಪ್ಪುಸ್ಬೇಕಲ್ವಾ? ಇವ್ನು ಲಾರಿ ಬಂದ್ಮೇಲೆ ಬರ್ಸಿದೋರ ಮನೆಗೆ ಓಯ್ತಾನೆ, ಮುಂಚೆ ಬರ್ಸಿದೋರ ಮನೆಗೆ ಓಗಲ್ಲ. ಯಾರ್ ಮುಂಚೆ ಬಂದ್ರು ಅಂತ ಅವ್ನಿಗೆಂಗೆ ಗೊತ್ತಾದದು? ಅವ್ನ್ ಇಲ್ಲಿರಲ್ವಲ್ಲ.”

ಆರು ತಿಂಗಳಿಂದ ನಮಗೆ ಯಾರಿಗೂ ಹೊಳೆಯದ ತರ್ಕ ಅದು.

“ಅದ್ಕೆ, ಮುಂಚೆ ಬಂದೋರ್ದ ಒಂದ್ಸಲ ಹಾಕೋದು, ಲಾರಿ ಓದ್ಮೇಲೆ ಅದ್ನೇ ಇನ್ನೊಂದ್ಸಲ ಹಾಕೋದು. ಎರಡ್ನೇದಕ್ಕೆ ಬರ್ತಿದ್ದ. ಗೆರೆ ಎಲ್ಲದೆ ಅಂತ ಹುಡುಕ್ತಾ ಓದೆ. ಐದೂ ಇಪ್ಪತ್ತೆಂಟಕ್ಕೆ ಹಾಕಿದ್ದು ಓಯ್ತು. ಐದೂ ಮೂವತ್ತೊಂದಕ್ಕೆ ಹಾಕಿದ್ದು ನಿಂತ್ಕತು. ಲಾರಿಗೂ ಇದ್ಕೂ ಸಂಬಂಧ ಇಲ್ಲ ಕಣವ್ವ. ಐದೂವರೆ ಅನ್ನೋದ್ರಲ್ಲಿ ಏನೋ ಅದೆ.”

ಐದೂವರೆ ಎಂಬ ಮಾತು ಕಿವಿಗೆ ಬಿದ್ದೊಡನೆ ನನಗೆ ಹೊಳೆಯಿತು. ಪ್ರಪಂಚದ ಕಂಪ್ಯೂಟರುಗಳೆಲ್ಲ ಯುಟಿಸಿ ಎಂಬ ಒಂದು ಸಾಮಾನ್ಯ ಸಮಯವನ್ನು ಇಟ್ಟುಕೊಂಡಿರುತ್ತವೆ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ನಮಗೆ ಬೆಳಿಗ್ಗೆ ಐದೂವರೆಯಾದಾಗಲೇ ಅದಕ್ಕೆ ಮಧ್ಯರಾತ್ರಿ; ಅದರ ತಾರೀಖು ಬದಲಾಗುವುದು ಆಗಲೇ. ನನ್ನ ಪದವಿಯ ಪಠ್ಯದಲ್ಲಿದ್ದ ಸಂಖ್ಯೆಯನ್ನು ಈ ಹೆಂಗಸು ಗೋಡೆ ಗಡಿಯಾರ ಮತ್ತು ಒಂದು ಪೆನ್ನು ಇಟ್ಟುಕೊಂಡು ಕಂಡುಹಿಡಿದಿದ್ದರು.

ಆಗ ಸಮಯ ಐದು ಇಪ್ಪತ್ತು. “ಈಗ ಒಂದು ಕರೆ ಹಾಕಿ” ಎಂದೆ. ಅವರು ತಮ್ಮ ಮನೆಯ ಹಸುವಿನ ನಂಬರನ್ನೇ ಹಾಕಿದರು.

ಹಾಲು ಹಾಕಲು ಬಂದಿದ್ದ ಚನ್ನೇಗೌಡರು ಇಣುಕಿ ನೋಡಿ, “ಏನ್ ಗೌರಕ್ಕ, ಗಬ್ಬದ ಹಸ ಮತ್ತೆ ಬೆದೆಗ್ ಬಂದ್ಬುಡ್ತಾ?” ಎಂದರು.

“ಸುಮ್ಕಿರಣ್ಣ, ಪರೀಕ್ಷೆ ನಡೀತಾ ಅದೆ” ಎಂದು ಗೌರಮ್ಮ ಗದರಿಸಿದರು.

ನನ್ನ ಮೊಬೈಲಿನಲ್ಲಿ ತೆರೆದ ‘ಇಂದಿನ ಕರೆಗಳು’ ಪಟ್ಟಿಯಲ್ಲಿ ಆ ಕರೆ ಕಾಣುತ್ತಿತ್ತು. ಐದೂ ಇಪ್ಪತ್ತೊಂಬತ್ತಕ್ಕೂ ಇತ್ತು. ಗಡಿಯಾರ ಐದೂವರೆಯಾಗಿ ಪುಟವನ್ನು ಮತ್ತೊಮ್ಮೆ ತೆರೆದಾಗ ಪಟ್ಟಿ ಖಾಲಿ. ಹಾಲಿನ ಸಾಲಿನಲ್ಲಿದ್ದವರೆಲ್ಲ ಬಗ್ಗಿ ನೋಡಿದರು. ಯಾರೂ ನಗಲಿಲ್ಲ.

ತಪ್ಪು ಎಲ್ಲಿತ್ತೆಂದು ವಿವರಿಸುತ್ತೇನೆ. ಜಾಂಗೋ ಸಮಯವನ್ನು ಯುಟಿಸಿಯಲ್ಲಿ ಉಳಿಸಿಟ್ಟುಕೊಂಡು, ತೆರೆಯ ಮೇಲೆ ತೋರಿಸುವಾಗ ನಮ್ಮ ಸಮಯಕ್ಕೆ ಪರಿವರ್ತಿಸುತ್ತದೆ. ಆದ್ದರಿಂದ ನಾನು ಪರಿಶೀಲಿಸಿದ ಸಮಯಗಳೆಲ್ಲ ಸರಿಯಾಗಿ ಕಂಡಿದ್ದವು. ಆದರೆ ಕರೆಯ ತಾರೀಖನ್ನು ನಾನು ಬೇರೆಯೇ ಅಂಕಣದಲ್ಲಿ ಇಟ್ಟಿದ್ದೆ. ಅದನ್ನು ಪರಿವರ್ತನೆಗೆ ಮೊದಲಿನ ಸಮಯದಿಂದ ಕತ್ತರಿಸಿ ತೆಗೆಯುವ ಒಂದು ಸಾಲು ಬರೆದವಳು ನಾನೇ; ‘ಇಂದು’ ಯಾವ ತಾರೀಖೆಂದು ಪಟ್ಟಿಯೂ ಅದೇ ಸಾಲಿನಿಂದ ತಿಳಿಯುತ್ತಿತ್ತು. ಹೀಗಾಗಿ ಐದೂವರೆಗೆ ಮೊದಲು ಬಂದ ಕರೆಗಳು ಹಿಂದಿನ ದಿನದ ಲೆಕ್ಕಕ್ಕೆ ಸೇರುತ್ತಿದ್ದವು. ಏಳು ಗಂಟೆಗೆ ಪಟ್ಟಿ ತೆರೆಯುತ್ತಿದ್ದ ಶಿವಣ್ಣನವರಿಗೆ ಅವು ಕಾಣುವ ಸಂಭವವೇ ಇರಲಿಲ್ಲ. ನಾನು ಹತ್ತು ಗಂಟೆಗೆ ಕಚೇರಿಗೆ ಬಂದು ಪರೀಕ್ಷಿಸುವವಳು. ನನಗೂ ಕಾಣುವ ಸಂಭವವಿರಲಿಲ್ಲ.

ಇನ್ನೊಂದು ಮಾತನ್ನು ಗೌರಮ್ಮನವರಿಗೆ ಹೇಳಲೇಬೇಕಾಗಿತ್ತು. ಅವರು ಎರಡನೆಯ ಸಲ ಹಾಕಿದ ಕರೆಗೆ ಶಿವಣ್ಣ ಹಾಜರಾದರೂ, ಮೊದಲನೆಯದು ವರದಿಯಲ್ಲಿ ಹಾಗೆಯೇ ಗೈರುಹಾಜರಿಯಾಗಿ ಉಳಿಯುತ್ತಿತ್ತು. ಕೇಳಿ ಅವರು ಅಳತೆಯ ಪಾತ್ರೆಯನ್ನು ಕೆಳಗಿಟ್ಟರು.

“ಅಂದ್ರೆ ನಾನ್ ಹಾಕಿದ್ದೂ ಅವ್ನ್ ತಲೆ ಮೇಲೇ ಬಿತ್ತಾ?”

“ಬಿತ್ತು ಅಕ್ಕ. ಆದರೆ ನೀವು ಹಾಕಿರದಿದ್ದರೆ ಅವರನ್ನು ಉಳಿಸಲು ನನ್ನ ಕೈಯಲ್ಲಿ ಏನೂ ಇರುತ್ತಿರಲಿಲ್ಲ.”

ಹೊರಗೆ ಲಾರಿಯ ಹಾರನ್ ಕೇಳಿಸಿತು. “ಪುಸ್ತಕ ತಗಂಡೋಗಿ. ಸೋಮ್ವಾರದೊಳ್ಗೆ ಸರಿ ಮಾಡಿ” ಎಂದು ಕ್ಯಾನುಗಳ ಕಡೆ ನಡೆದರು.

ದೋಷ ಸರಿಪಡಿಸಲು ಬದಲಾಯಿಸಿದ್ದು ಒಂದೇ ಸಾಲು. ಹಳೆಯ ಕರೆಗಳ ತಾರೀಖುಗಳನ್ನು ತಿದ್ದಿ, ಎರಡೆರಡು ಸಲ ದಾಖಲಾದವನ್ನು ಗೌರಮ್ಮನವರ ಪುಸ್ತಕದೊಂದಿಗೆ ತಾಳೆನೋಡಿ ಒಂದಾಗಿಸಲು ಶನಿವಾರ, ಭಾನುವಾರ ಎರಡೂ ಹಗಲು ಹಿಡಿದವು. ಪುಸ್ತಕದಲ್ಲಿ ಒಂದು ನಂಬರೂ ತಪ್ಪಿರಲಿಲ್ಲ. ಹೊಸ ವರದಿಯಲ್ಲಿ, ಪಟ್ಟಿಯಲ್ಲಿದ್ದೂ ಶಿವಣ್ಣ ಹೋಗದ ಕರೆಗಳು ಉಳಿದದ್ದು ಎರಡೇ. ಅವೆರಡೂ ತಮ್ಮದೇ ತಪ್ಪೆಂದು, ಅಂದು ತಾವು ನೆಂಟರ ಮದುವೆಗೆ ಹೋಗಿದ್ದುದಾಗಿ ಅವರೇ ಒಪ್ಪಿಕೊಂಡರು.

‘ಸಣ್ಣ ತಾಂತ್ರಿಕ ತೊಂದರೆಯನ್ನು ನಿವಾರಿಸಲಾಗಿದೆ’ ಎಂದಷ್ಟೇ ಬರೆದರೆ ಸಾಕು ಎಂದು ನಮ್ಮ ಸಂಸ್ಥೆಯ ಮಾಲೀಕರು ಸೂಚಿಸಿದರು. ಅವರ ಆತಂಕ ನನಗೆ ಅರ್ಥವಾಗುತ್ತಿತ್ತು; ನನ್ನದು ಅದಕ್ಕಿಂತ ದೊಡ್ಡದಿತ್ತು. ಆದರೆ ಸಣ್ಣ ತೊಂದರೆ ಎಂದರೆ ಶಿವಣ್ಣನವರ ಮೇಲಿನ ಅನುಮಾನ ಅರ್ಧ ಉಳಿದೇ ಉಳಿಯುತ್ತಿತ್ತು. ದೋಷ ನನ್ನದು, ಹಿಂದಿನ ಪತ್ರವನ್ನು ಹಿಂಪಡೆಯುತ್ತಿದ್ದೇನೆ, ದೋಷವನ್ನು ಪತ್ತೆಹಚ್ಚಿದವರು ಸಂಘದ ಕಾರ್ಯದರ್ಶಿ ಗೌರಮ್ಮ ಎಂದು ಬರೆದೆ.

ಸೋಮವಾರ ಹೊಳೆನರಸೀಪುರದ ಸಭೆಯಲ್ಲಿ ಪಶುವೈದ್ಯಾಧಿಕಾರಿಗಳು ಎರಡೂ ಪತ್ರಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಓದಿದರು. “ದೋಷ ಇಲ್ಲ ಅಂತ ಬರೆದುಕೊಟ್ಟಿದ್ದು ನೀವೇ ಅಲ್ವೇನಮ್ಮ?” ಎಂದು ಕೇಳಿದರು.

“ಹೌದು ಸರ್.”

“ಇದನ್ನ ನಂಬ್ಕೊಂಡು ಇವತ್ತು ಇವನನ್ನ ಮನೆಗೆ ಕಳಿಸ್ತಿದ್ದೆ.” ಅವರು ಪತ್ರದೊಂದಿಗೆ ನಾನಿಟ್ಟಿದ್ದ ಪುಸ್ತಕವನ್ನು ತಿರುವಿ ಹಾಕಿದರು. ಬಹಳ ಹೊತ್ತು ತಿರುವಿದರು. “ಗೌರಮ್ಮ ಅಂದ್ರೆ, ಆ ಹಾಲು ಅಳೆಯೋ ಗೌರಮ್ಮನಾ?” ಎಂದರು. ಬಳಿಕ ಶಿವಣ್ಣನವರ ಕಡೆ ತಿರುಗಿ, “ನಾಳೆಯಿಂದ ಕೆಲಸಕ್ಕೆ ಹೋಗಪ್ಪ. ನಿನ್ನನ್ನ ಅನುಮಾನಿಸಿದ್ದು ನಮ್ಮದು ತಪ್ಪಾಯ್ತು” ಎಂದರು.

“ನಾಳೆಯಿಂದ ಯಾಕ್ ಸಾ” ಎಂದರು ಶಿವಣ್ಣ, “ಸಂಜೆಗೇ ಎರಡ್ ಹಸ ಅವೆ.” ಚೀಲ ಹೆಗಲಿಗೇರಿಸಿಕೊಂಡು ಹೊರಟೇಬಿಟ್ಟರು. ಹೋಗುವಾಗ ನನ್ನ ಕಡೆ ನೋಡಿ ತಲೆಯಾಡಿಸಿದರು.

ಅಂದಿನಿಂದ ಇಂದಿನವರೆಗೆ ನಾನು ಎಷ್ಟೋ ಅಪ್ಲಿಕೇಶನ್‌ಗಳನ್ನು ಪರಿಶೀಲಿಸಿ ವರದಿ ಬರೆದಿದ್ದೇನೆ. ಈಗಲೂ ಮೂರು ಸಲ ಓದಿಯೇ ಸಹಿ ಹಾಕುತ್ತೇನೆ. ಆದರೆ ‘ದೋಷ ಇರುವುದಿಲ್ಲ’ ಎಂಬ ವಾಕ್ಯವನ್ನು ಮತ್ತೆ ಬರೆದಿಲ್ಲ. ಇಂಥ ಸ್ಥಳದಲ್ಲಿ, ಇಷ್ಟು ಗಂಟೆಗೆ, ಇಂಥವರ ಪಕ್ಕದಲ್ಲಿ ನಿಂತು ನೋಡಿದಾಗ ನನಗೆ ದೋಷ ಕಾಣಲಿಲ್ಲ ಎಂದಷ್ಟೇ ಬರೆಯುತ್ತೇನೆ. ವಾಕ್ಯ ಉದ್ದವಾಯಿತೆಂದು ಕೆಲವರು ಆಕ್ಷೇಪಿಸುತ್ತಾರೆ; ಇರಲಿ.