ಊಟದ ಮೇಜಿನ ಮೇಲೆ ಯುದ್ಧವಿಮಾನ

ಎಪ್ಪತ್ತರ ದಶಕದ ನಡುವಿನ ಒಂದು ಚಳಿಗಾಲ. ವಿಕ್ಸಮ್ ಎಂಬ ಅಮೆರಿಕದ ಪುಟ್ಟ ಊರಿನ ನಮ್ಮ ಮನೆಯ ಡ್ರೈವ್‌ವೇಯಲ್ಲಿ ನನ್ನ ಗಂಡ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದು ಬಲಗಾಲು ಮುರಿದುಕೊಂಡರು. ತೊಡೆಯವರೆಗೂ ಪ್ಲಾಸ್ಟರ್ ಹಾಕಿದ ಡಾಕ್ಟರು, ಹಿಮ ಕರಗುವತನಕ ಮನೆಯಲ್ಲೇ ಇರಿ ಎಂದು ಕಳುಹಿಸಿದರು. ಕಾರು ಗರಾಜಿನಲ್ಲಿ ನಿಂತಿತು. ನನಗೆ ಡ್ರೈವಿಂಗ್ ಬರುತ್ತಿರಲಿಲ್ಲ. ಗಂಡನ ಜೊತೆ ಕೆಲಸ ಮಾಡುತ್ತಿದ್ದ ಮೈಸೂರಿನವರೊಬ್ಬರು ಶನಿವಾರ ಬಂದು ಹಾಲು, ತರಕಾರಿ ಇಟ್ಟು ಹೋಗುತ್ತಿದ್ದರು.

ಕಾರು ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದ ನನ್ನ ಗಂಡನಿಗೆ ಒಂದೇ ಒಂದು ಹುಚ್ಚು. ಬೇಸ್‌ಮೆಂಟಿನಲ್ಲಿ ಎರಡನೇ ಮಹಾಯುದ್ಧದ ಕಾಲದ ಫೈಟರ್ ವಿಮಾನವೊಂದರ ದೊಡ್ಡ ಮಾದರಿ ಕಟ್ಟುತ್ತಿದ್ದರು. ರೇಡಿಯೋ ನಿಯಂತ್ರಣದಿಂದ ನಿಜವಾಗಿಯೂ ಹಾರುವಂಥದ್ದು. ಒಂದೊಂದು ರೆಕ್ಕೆಯೂ ನನ್ನ ಭುಜದೆತ್ತರ. ನಾನು ಈ ದೇಶಕ್ಕೆ ಬಂದಾಗಿನಿಂದ ಅವರ ಶನಿವಾರ, ಭಾನುವಾರಗಳೆಲ್ಲ ಆ ನೆಲಮಾಳಿಗೆಗೇ ಸಲ್ಲುತ್ತಿದ್ದವು. ನಾನು ಮೇಲೆ ಕಿಟಕಿಯ ಬಳಿ ಕೂತು, ಒಬ್ಬರೂ ನಡೆದಾಡದ ರಸ್ತೆ ನೋಡುತ್ತಿದ್ದೆ. ಮೈಸೂರಿನ ಕಾಲೇಜಿನಲ್ಲಿ ಕೆಮಿಸ್ಟ್ರಿ ಡೆಮಾನ್‌ಸ್ಟ್ರೇಟರ್ ಆಗಿದ್ದವಳಿಗೆ ಇಲ್ಲಿನ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ.

ಈಗ ಅವರು ಮೆಟ್ಟಿಲು ಇಳಿಯುವಂತಿಲ್ಲ. ಮೊದಲ ವಾರ ಟಿವಿ ನೋಡಿದರು, ಆಮೇಲೆ ಟಿವಿಯನ್ನು ಬೈದರು. ಒಂದು ಬೆಳಿಗ್ಗೆ, "ಅದನ್ನ ಮೇಲೆ ತಂದುಕೊಡ್ತೀಯಾ? ಬಾಡಿ, ರೆಕ್ಕೆ ಎಲ್ಲಾ ಬೇರೆ ಬೇರೆ ಇದೆ, ಭಾರ ಇಲ್ಲ" ಎಂದರು. ಒಂದೊಂದಾಗಿ ಹೊತ್ತು ತಂದೆ. ಊಟದ ಮೇಜು ತುಂಬಿಹೋಯಿತು. ಅವತ್ತಿನಿಂದ ಅವರಿಗೆ ಸೋಫಾದಲ್ಲಿ ಊಟ, ನನಗೆ ನೆಲದ ಮೇಲೆ.

ವಿಮಾನ ನುಣ್ಣಗೆ, ಬಣ್ಣಕ್ಕೆ ಮೊದಲು ಬಳಿಯುವ ಬೂದು ಪ್ರೈಮರ್ ಹಚ್ಚಿಕೊಂಡು ಆಟದ ಸಾಮಾನಿನಂತಿತ್ತು. ಅದನ್ನು ತಗಡಿನದೆಂದು ನಂಬಿಸಬೇಕಿತ್ತು. ಮೊದಲು ತಗಡುಗಳ ಸಂದುಗಳು: ಕೂದಲಿನಷ್ಟು ಸಣ್ಣ ಟೇಪು ಅಂಟಿಸಿ, ಮೇಲೆ ದಪ್ಪಗೆ ಪ್ರೈಮರ್ ಬಳಿದು, ಉಜ್ಜಿ, ಟೇಪು ಕಿತ್ತರೆ ಅಲ್ಲೊಂದು ಗೆರೆ ಉಳಿಯುತ್ತದೆ. ಆಮೇಲೆ ಗೆರೆಯ ಪಕ್ಕದಲ್ಲಿ ಸಾಲಾಗಿ ರಿವೆಟ್ಟುಗಳು, ಅಂದರೆ ತಗಡು ಬೆಸೆಯುವ ಮೊಳೆಗಳ ಗುಂಡು ತಲೆಗಳು. ಸಿರಿಂಜಿನಲ್ಲಿ ಬಿಳಿ ಗೋಂದು ತುಂಬಿ ಒಂದೊಂದೇ ಹನಿ ಇಡಬೇಕು. ಚಾಚಿದ ಕಾಲಿನಿಂದಾಗಿ ಅವರಿಗೆ ಮೇಜಿನತ್ತ ಬಗ್ಗಲು ಆಗಲಿಲ್ಲ. ಹನಿಗಳು ಹರಡಿಹೋದವು.

"ಕೊಡಿ ಇಲ್ಲಿ," ಎಂದೆ. ಕಾಲೇಜಿನ ಲ್ಯಾಬಿನಲ್ಲಿ ಬ್ಯೂರೆಟ್ ಹಿಡಿದು ಹನಿ ಎಣಿಸಿದ ಕೈ ನನ್ನದು. ಹನಿ ಬಟಾಣಿಯಾಗದೆ ಸಾಸಿವೆಯಾಗಿಯೇ ನಿಂತಿತು.

ದಿನಗಳು ಒಂದೇ ಥರ ಕಳೆದವು. ಹೊರಗೆ ಸೊನ್ನೆ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟುವುದಕ್ಕಿಂತ ಎಷ್ಟೋ ಕೆಳಗೆ. ಕಿಟಕಿ ತೆರೆಯುವಂತಿಲ್ಲ. ಬಣ್ಣದ ವಾಸನೆಯೂ ಸಾರಿನ ಒಗ್ಗರಣೆಯೂ ಬೆರೆತು ಪರದೆಗಳಿಗೆ ಹತ್ತಿಕೊಂಡಿದ್ದವು. ಅವರು ಪುಸ್ತಕದ ಫೋಟೋ ನೋಡಿ ಸಾಲು ಹೇಳುವುದು, ನಾನು ಹನಿ ಇಡುವುದು. ಒಂದು ಮಧ್ಯಾಹ್ನ ಅವರು ಪುಸ್ತಕ ಬಿಸಾಡಿದರು.

"ಹುಚ್ಚು ಹಿಡಿಯುತ್ತೆ ಕಣೇ! ಅದೇ ಗೋಡೆ, ಅದೇ ಕಿಟಕಿ. ಮನುಷ್ಯ ಹೀಗೆ ಎಷ್ಟು ದಿನ ಇರಕ್ಕಾಗುತ್ತೆ?"

ನಾನು ಸಿರಿಂಜು ಕೆಳಗಿಟ್ಟೆ. "ನಾನು ಎರಡು ವರ್ಷದಿಂದ ಇದೀನಲ್ಲ."

ನನಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಇಷ್ಟು ಚಿಕ್ಕ ಮಾತಾಗಿತ್ತೇ ಅದು ಎಂದು ಆಶ್ಚರ್ಯವಾಯಿತು. ಆ ಸಾಲು ಮುಗಿಸಿ ಅನ್ನಕ್ಕಿಡಲು ಎದ್ದೆ.

ಬೆಳ್ಳಿ ಬಣ್ಣ, ಅದರ ಮೇಲೆ ಹಸಿರು ಹಚ್ಚಿದ ಮೇಲೆ, ಯುದ್ಧ ಕಂಡ ಹಳೇ ವಿಮಾನದಂತೆ ಕಾಣಲು ಅದನ್ನು ಸವೆಸುವ ಕೆಲಸ. ಇದ್ದಿಲ ಪುಡಿಯನ್ನು ಬೆರಳಿನಿಂದ ತಿಕ್ಕಿ ಎಂಜಿನ್ನಿನ ಹೊಗೆಯ ಕಲೆ ಮಾಡಿದೆವು. ರೆಕ್ಕೆಯ ಬುಡದಲ್ಲಿ ಹಸಿರನ್ನು ಉಜ್ಜಿ ಬೆಳ್ಳಿ ಕಾಣಿಸಬೇಕು, ಪೈಲಟ್ ಹತ್ತಿ ಇಳಿದು ಬೂಟು ತಾಗುವ ಜಾಗ ಅದು ಎಂದು ವಿವರಿಸುತ್ತಿದ್ದವರು ಅರ್ಧಕ್ಕೇ ನಿಲ್ಲಿಸಿ, "ನಾಳೆ ಕಾರ್ ತೆಗಿ. ನಾನು ಹಿಂದೆ ಕಾಲು ಚಾಚ್ಕೊಂಡು ಕೂತು ಹೇಳ್ಕೊಡ್ತೀನಿ," ಎಂದರು. ಅದಕ್ಕೆ ಮೊದಲು ಬೇಕಿದ್ದ, ಕಲಿಯುವವರ ಪರ್ಮಿಟ್ ಪರೀಕ್ಷೆಗೆ ಶನಿವಾರದ ಮೈಸೂರಿನವರು ನನ್ನನ್ನು ಕರೆದುಕೊಂಡು ಹೋದರು. ಪಾಠ ನಡೆದದ್ದು ಹತ್ತಿರದ ಚರ್ಚಿನ ಖಾಲಿ ಪಾರ್ಕಿಂಗ್ ಲಾಟಿನಲ್ಲಿ. ಹಿಂದಿನ ಸೀಟಿನಿಂದ "ಬ್ರೇಕ್, ಬ್ರೇಕ್!" ಎಂಬ ಕೂಗು. ಹಿಮದ ಗುಡ್ಡೆಗೆ ಎರಡು ಸಲ ಗುದ್ದಿದೆ.

ವಸಂತದಲ್ಲಿ ಲೈಸೆನ್ಸ್ ಬಂತು, ಪ್ಲಾಸ್ಟರ್ ಹೋಯಿತು. ಮೈದಾನವೊಂದರಲ್ಲಿ ವಿಮಾನ ಹಾರಿಸಿದರು. ಮೇಲೇರಿದಾಗ ಅದು ಬರೀ ಕಪ್ಪು ಆಕಾರ. ನಾನಿಟ್ಟ ಒಂದು ರಿವೆಟ್ಟೂ ಕಾಣಲಿಲ್ಲ.

"ಇಷ್ಟಕ್ಕೇನಾ ಅಷ್ಟೆಲ್ಲ ಮಾಡಿದ್ದು?" ಎಂದೆ.

"ಇಳೀಲಿ ತಾಳು, ಕಾಣುತ್ತೆ," ಎಂದರು. ಇಳಿಯುವಾಗ ಒಂದು ಚಕ್ರ ಮುರಿಯಿತು. ರೆಕ್ಕೆಗೆ ಏನೂ ಆಗಲಿಲ್ಲ.

ಆದರೆ ಸೋಮವಾರ ಅವರು ಕಾರು ತೆಗೆದುಕೊಂಡು ಕೆಲಸಕ್ಕೆ ಹೋದರು. ನನ್ನ ಪರ್ಸಿನಲ್ಲಿ ಲೈಸೆನ್ಸ್, ಮುಂದೆ ಅದೇ ಕಿಟಕಿ. ಕೆಲವು ವಾರ ಹೀಗೇ ಕಳೆದು, ಒಂದು ಬೆಳಿಗ್ಗೆ ಅವರಿಗಿಂತ ಮೊದಲೇ ಕೋಟು ಹಾಕಿಕೊಂಡು ನಿಂತೆ. "ನಿಮ್ಮನ್ನ ಬಿಟ್ಟು ಬರ್ತೀನಿ, ಇವತ್ತು ಕಾರು ನಂಗೆ ಬೇಕು."

ಅವರನ್ನು ಕಾರ್ಖಾನೆಯ ಗೇಟಿನಲ್ಲಿ ಇಳಿಸಿ ಹೈವೇ ಹಿಡಿದೆ. ಹೈವೇಯಿಂದ ಊರುಗಳಿಗೆ ಇಳಿಯುವ ಎಕ್ಸಿಟ್‌ಗಳು ಒಂದಾದ ಮೇಲೊಂದು ಬಂದವು. ಯಾವುದರಲ್ಲಿ ಇಳಿದರೂ ನನಗೆ ಅಲ್ಲಿ ಯಾರೂ ಇಲ್ಲ, ಏನೂ ಕೆಲಸವಿಲ್ಲ ಎಂಬುದು ಆಗ ಹೊಳೆಯಿತು. ಯಾವುದೋ ಊರಿನ ಅಂಗಡಿಯ ಮುಂದೆ ಕಾರು ನಿಲ್ಲಿಸಿ, ಎಂಜಿನ್ ಆರಿಸದೆ ಬಹಳ ಹೊತ್ತು ಕೂತೆ. ಆಮೇಲೆ ತಿರುಗಿಸಿಕೊಂಡು ಬಂದೆ.

ಸಂಜೆ ಗೇಟಿನ ಬಳಿ ಅವರು ಕೇಳಿದರು, "ಎಲ್ಲಿಗ್ಹೋಗಿದ್ದೆ?"

"ಎಲ್ಲಿಗೂ ಇಲ್ಲ."

ಅವರು ಸ್ಟಿಯರಿಂಗ್ ಕೇಳಿಕೊಂಡು ನನ್ನ ಬದಿಯ ಬಾಗಿಲಿಗೆ ಬರಲಿಲ್ಲ. ಕಾರು ಸುತ್ತಿಹೋಗಿ, ಇನ್ನೂ ಸರಿಯಾಗಿ ಮಡಿಸಲು ಬಾರದ ಕಾಲನ್ನು ಕೈಯಲ್ಲಿ ಎತ್ತಿಟ್ಟುಕೊಂಡು ಪಕ್ಕದಲ್ಲಿ ಕೂತರು.